ಅರಿಕುಠಾರ ಸಿಗದ ಕಂಪ್ಯೂಟರು

ಮೈಸೂರಿನಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ನಾನು ಹುಟ್ಟಿದ್ದೂ ಅದರ ಆಸುಪಾಸಿನಲ್ಲೇ, ಹಾಗಾಗಿ ಜಿಲ್ಲೆಯೂ ನಾನೂ ಓರಗೆಯವರು. ಆಗ ವಿಂಡೋಸ್ 95 ಬಂದು ಎರಡು ವರ್ಷವಾಗಿತ್ತು, ವಿಂಡೋಸ್ 98 ಬರಲು ಒಂದು ವರ್ಷವಿತ್ತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ‘ಭೂಮಿ’ ಯೋಜನೆಯಡಿ ತಾಲ್ಲೂಕು ಕಚೇರಿಗಳಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರಿನ ಪಹಣಿ ಬರತೊಡಗಿತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಹೀಗೆ ಕಾಗದದಿಂದ ಪರದೆಗೆ ಬಂದವು. ನಮ್ಮ ಜಿಲ್ಲೆಯ ಆಯಸ್ಸೂ ಕನ್ನಡ ಕಂಪ್ಯೂಟರಿನ ಆಯಸ್ಸೂ ಹೆಚ್ಚುಕಡಿಮೆ ಒಂದೇ. ಇದು ನನಗೆ ಹೊಳೆದದ್ದು ಸಂಶೋಧನೆಯ ಹೊತ್ತಿನಲ್ಲಲ್ಲ, ಲ್ಯಾಪ್‌ಟಾಪ್ ರಿಪೇರಿಯ ಅಂಗಡಿಯಲ್ಲಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ಮುಗಿಯಿತು. ನನ್ನ ಪಿಎಚ್.ಡಿ. ಕೆಲಸವೆಲ್ಲ ಇರುವ ಯಂತ್ರದಲ್ಲಿದ್ದದ್ದು ಅದೇ, ಅದರಲ್ಲೂ 32-ಬಿಟ್‌ನದು. ವಿಂಡೋಸ್ 11ರಲ್ಲಿ 32-ಬಿಟ್ ಇಲ್ಲ. ಅಂದರೆ ಹಳೆಯದರ ಮೇಲೆ ಹೊಸದನ್ನು ಹೊದಿಸುವ ಹಾಗಿಲ್ಲ, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು. ಗುಂಡ್ಲುಪೇಟೆಯ ಅಂಗಡಿಯಲ್ಲಿ ಯಂತ್ರ ಬಿಚ್ಚಿಟ್ಟುಕೊಂಡು ಕೂತವರು ಕೇಳಿದರು:

“ಹೋಮ್ ಹಾಕ್ಲಾ, ಪ್ರೊ ಹಾಕ್ಲಾ ಮೇಷ್ಟ್ರೇ? ಇದ್ರಲ್ಲಿ ಬಂದಿರೋದು ಹೋಮ್ ಸಿಂಗಲ್ ಲ್ಯಾಂಗ್ವೇಜು. ಸಿಂಗಲ್ ಲ್ಯಾಂಗ್ವೇಜು ಅಂದ್ರೆ ಇಂಗ್ಲಿಷ್ ಒಂದೇ ಕಣಿ. ಕನ್ನಡದ ಕೆಲ್ಸ ಅಂದ್ರೆ ಪ್ರೊನೇ ಬೇಕು.”

ಪ್ರೊಗೆ ಕೊಡಬೇಕಾದ ದುಡ್ಡು ಶಿಷ್ಯವೇತನ ನಂಬಿದವರಿಗೆ ಸಣ್ಣದಲ್ಲ. ಒಂದು ದಿನ ಬಿಟ್ಟು ಹೇಳುತ್ತೇನೆಂದು ಯಂತ್ರವನ್ನು ವಾಪಸು ತಂದೆ.

‘ಯಾವ ಆವೃತ್ತಿ?’ ಎನ್ನುವುದು ಶಾಸನ ಓದುವವರಿಗೆ ಹಳೆಯ ಪ್ರಶ್ನೆ. ಬಿ.ಎಲ್. ರೈಸ್ 1898ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳೆರಡೂ ನಾಲ್ಕನೆಯ ಸಂಪುಟದಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಗುಂಡ್ಲುಪೇಟೆ ನಂಜನಗೂಡಿನ ಜೊತೆ ಮೂರನೆಯ ಸಂಪುಟಕ್ಕೆ (1974) ಹೋಯಿತು, ಚಾಮರಾಜನಗರ ನಾಲ್ಕರಲ್ಲೇ (1975) ಉಳಿಯಿತು. ಶಾಸನಗಳ ಸಂಖ್ಯೆಗಳೂ ಬದಲಾದವು. ಆವೃತ್ತಿ ಹೇಳದೆ ‘ಗುಂಡ್ಲುಪೇಟೆ, ಇಷ್ಟನೆಯ ಶಾಸನ’ ಎಂದು ಬರೆದರೆ ಓದುವವರು ಇನ್ನಾವುದೋ ಕಲ್ಲಿನ ಮುಂದೆ ನಿಂತಿರುತ್ತಾರೆ. ಇಷ್ಟು ಗೊತ್ತಿದ್ದೂ ನನ್ನ ಕಂಪ್ಯೂಟರಿನ ಆವೃತ್ತಿಯ ಬಗ್ಗೆ ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಆ ರಾತ್ರಿ ಕಡತಗಳನ್ನು ಪ್ರತಿ ಮಾಡಿಕೊಳ್ಳಲು ಕೂತೆ. ಅವುಗಳಲ್ಲಿ ಮುಖ್ಯವಾದದ್ದು ನಿವೃತ್ತ ಮೇಷ್ಟ್ರೊಬ್ಬರು ನನಗೆ ಕೊಟ್ಟಿದ್ದ ಒಂದು ಸೀಡಿಯದು. ಎರಡೂ ತಾಲ್ಲೂಕು ಸುತ್ತಿ ಅವರು ಬರೆದುಕೊಂಡ ಶಾಸನಪಾಠ, ಊರ ಹೆಸರು, ಹೊಲದ ಹೆಸರುಗಳ ಪಟ್ಟಿ ಅದರಲ್ಲಿತ್ತು. ಇಪ್ಪತ್ತು ವರ್ಷದ ಹಿಂದೆ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದು. ಸುಮ್ಮನೆ ‘ಅರಿಕುಠಾರ’ ಎಂದು ಹುಡುಕಿದೆ. ಚಾಮರಾಜನಗರದ ಹಳೆಯ ಹೆಸರು ಅದು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರೆಂದು 1818ರಲ್ಲಿ ಈಗಿನ ಹೆಸರಿಟ್ಟರು. ಪದ ಸಿಗಲಿಲ್ಲವೆಂದು ಯಂತ್ರ ಹೇಳಿತು. ಪರದೆಯ ಮೇಲೆ, ಮೂರನೆಯ ಸಾಲಿನಲ್ಲಿ, ಅದೇ ಪದ ನನ್ನ ಕಣ್ಣೆದುರಿಗೇ ಇತ್ತು.

ಕಾರಣ ತಿಳಿಯಲು ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕು. ವಿಂಡೋಸ್ 98ರ ಕಾಲಕ್ಕೆ ಒಂದು ಫಾಂಟಿನಲ್ಲಿ ಅಕ್ಷರಗಳಿಗಿದ್ದದ್ದು 256 ಮನೆಗಳು, ಅವೂ ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳಿಗಾಗಿ. ನಮ್ಮವರು ಆ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದರು: ತಲೆಕಟ್ಟು, ಕೊಂಬು, ಒತ್ತು, ಅರ್ಕಾವತ್ತು. ಕಡತದೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರದ ಗುರುತು, ಫಾಂಟು ಅದಕ್ಕೆ ಕನ್ನಡದ ಮುಖ ತೊಡಿಸುತ್ತದೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮೊದಲಿಗೆ ನಡೆದದ್ದು ಈ ದಾರಿಯಲ್ಲೇ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ ಸಾವಿರಾರು ಜನ ಕನ್ನಡದಲ್ಲಿ ಟೈಪ್ ಮಾಡಲು ಕಲಿತರು. ಆವತ್ತಿನ ಯಂತ್ರದಲ್ಲಿ ಬೇರೆ ದಾರಿ ಇರಲಿಲ್ಲ. ಕನ್ನಡದ ಪುಸ್ತಕ, ಪತ್ರಿಕೆ, ಕಚೇರಿಯ ಪತ್ರಗಳು ಕಂಪ್ಯೂಟರಿಗೆ ಬಂದದ್ದು ಇಂಥ ಜಾಣ್ಮೆಯಿಂದಲೇ. ಆದರೆ ಫಾಂಟು ಹೋಯಿತೆಂದರೆ ಕನ್ನಡವೂ ಹೋಯಿತು, ಉಳಿಯುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಇತ್ತ 1991ರಲ್ಲೇ ಯೂನಿಕೋಡಿನ ಮೊದಲ ಆವೃತ್ತಿ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಮೀಸಲಿಟ್ಟಿತ್ತು. ಅಲ್ಲಿ ‘ಕ’ ಎಂದರೆ ಕ, ಫಾಂಟು ಯಾವುದೇ ಇರಲಿ. ಮನೆ ಸಿಕ್ಕಿದರೂ ಬಾಗಿಲು ತೆರೆಯಲು ಹತ್ತು ವರ್ಷ ಬೇಕಾಯಿತು. ವಿಂಡೋಸ್ 2000 ದೇವನಾಗರಿಗೂ ತಮಿಳಿಗೂ ಜಾಗ ಕೊಟ್ಟಿತು. ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಂದಿಗೆ. ಅದೂ ತಾನಾಗಿ ಬರುತ್ತಿರಲಿಲ್ಲ. ಸಂಕೀರ್ಣ ಲಿಪಿಗಳಿಗೆಂದು ಇದ್ದ ಒಂದು ಚೌಕದಲ್ಲಿ ಗುರುತು ಹಾಕಿ, ಎಕ್ಸ್‌ಪಿಯ ಸೀಡಿಯನ್ನು ಯಂತ್ರಕ್ಕೆ ಕೊಡಬೇಕಿತ್ತು. ಸೀಡಿ ಇಲ್ಲದವರಿಗೆ, ಆ ಚೌಕ ಇದೆಯೆಂದೇ ತಿಳಿಯದವರಿಗೆ ಎಕ್ಸ್‌ಪಿಯಲ್ಲೂ ಹಳೆಯ ಫಾಂಟುಗಳೇ ಗತಿ. ಅಚ್ಚಿನ ಮನೆಗಳಲ್ಲಿ ಇನ್ನೊಂದು ತೊಡಕಿತ್ತು. ಪುಟ ಕಟ್ಟುವ ಪೇಜ್‌ಮೇಕರ್ 2001ರ ಏಳನೆಯ ಆವೃತ್ತಿಗೇ ನಿಂತುಹೋಯಿತು, ಅದಕ್ಕೆ ಯೂನಿಕೋಡಿನ ಕನ್ನಡ ಬಾರದು. ಮುಂದೆ ಸರ್ಕಾರ ಯೂನಿಕೋಡನ್ನು ಒಪ್ಪಿದ ಮೇಲೂ ಅಚ್ಚಿಗೆ ಹೋಗುವ ಕನ್ನಡ ಹಳೆಯ ಮನೆಯಲ್ಲೇ ಉಳಿದದ್ದಕ್ಕೆ ಇದೂ ಒಂದು ಕಾರಣ.

ಹೋಮ್, ಪ್ರೊ ಎಂಬ ಬಗೆಗಳಿಂದ ನಿಜಕ್ಕೂ ವ್ಯತ್ಯಾಸವಾದ ಕಾಲವೂ ಇತ್ತು. 2005ರಲ್ಲಿ ಭಾರತಕ್ಕೆ ಹಿಂದಿಯಲ್ಲಿ ಬಂದ ಅಗ್ಗದ ಎಕ್ಸ್‌ಪಿ ಸ್ಟಾರ್ಟರ್‌ನಲ್ಲಿ ಒಮ್ಮೆಗೆ ಮೂರು ತಂತ್ರಾಂಶಗಳನ್ನಷ್ಟೇ ತೆರೆಯಬಹುದಿತ್ತು. ವಿಂಡೋಸ್ 7ರ ಪ್ರೊಫೆಷನಲ್ ಮತ್ತು ಮೇಲಿನ ಬಗೆಗಳಲ್ಲಿ ‘ಎಕ್ಸ್‌ಪಿ ಮೋಡ್’ ಸಿಗುತ್ತಿತ್ತು: ಹೊಸ ಯಂತ್ರದೊಳಗೇ ಒಂದು ಹಳೆಯ ಎಕ್ಸ್‌ಪಿ. ಹಳೆಯ ತಂತ್ರಾಂಶ ನಂಬಿದವರಿಗೆ ಅದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಅನುಕೂಲ. 2014ರ ಏಪ್ರಿಲ್‌ನಲ್ಲಿ ಎಕ್ಸ್‌ಪಿಗೆ ಬೆಂಬಲ ನಿಂತಾಗ ಆ ದಾರಿಯೂ ಮುಗಿಯಿತು.

ಈಗಿನ ಲೆಕ್ಕ ಬೇರೆ. ಪ್ರೊನಲ್ಲಿ ಹೆಚ್ಚಿಗೆ ಸಿಗುವುದು ಕಚೇರಿಯ ಜಾಲಕ್ಕೆ ಯಂತ್ರವನ್ನು ಸೇರಿಸುವುದು, ಬಿಟ್‌ಲಾಕರಿನಿಂದ ಡಿಸ್ಕಿಗೆ ಬೀಗ ಹಾಕಿ ನಿಭಾಯಿಸುವುದು, ದೂರದಿಂದ ಈ ಯಂತ್ರದೊಳಗೆ ಬಂದು ಕೆಲಸ ಮಾಡುವುದು, ಹೈಪರ್-ವಿಯಲ್ಲಿ ಇನ್ನೊಂದು ಯಂತ್ರವನ್ನು ಒಳಗೇ ನಡೆಸುವುದು. ಇಪ್ಪತ್ತು ಕಂಪ್ಯೂಟರುಗಳ ಕಚೇರಿಗೆ ಇವು ಬೇಕು. ಒಬ್ಬರೇ ಕೂತು ಪ್ರಬಂಧ ಬರೆಯುವವರಿಗೆ ಬೇಕಾಗುವುದು ಅಪರೂಪ. ‘ಸಿಂಗಲ್ ಲ್ಯಾಂಗ್ವೇಜ್’ ಎಂಬ ಹೆಸರಂತೂ ಬರೀ ದಾರಿ ತಪ್ಪಿಸುತ್ತದೆ. ಅದು ಕಟ್ಟಿಹಾಕುವುದು ಮೆನು, ಗುಂಡಿ, ಸೂಚನೆಗಳ ಭಾಷೆಯನ್ನು ಮಾತ್ರ. ಕನ್ನಡದ ಕೀಲಿಮಣೆ ಸೇರಿಸಲು, ಟೈಪ್ ಮಾಡಲು, ಓದಲು ಅದರಿಂದ ಅಡ್ಡಿಯಿಲ್ಲ. ಇಡೀ ವಿಂಡೋಸನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿಕೊಳ್ಳಬೇಕು ಎನ್ನುವವರು ಮಾತ್ರ ಬೇರೆ ಬಗೆಯನ್ನು ಕೊಳ್ಳಬೇಕಾಗುತ್ತದೆ.

ನನಗಿದ್ದ ಅಪಾಯ ಎಲ್ಲವನ್ನೂ ಅಳಿಸಿ ಹಾಕುವುದರಲ್ಲಿತ್ತು. ಅಳಿಸಿದರೆ ಫಾಂಟುಗಳ ಫೋಲ್ಡರೂ ಹೋಗುತ್ತದೆ. ಅದರೊಂದಿಗೆ ಮೇಷ್ಟ್ರ ಇಪ್ಪತ್ತು ವರ್ಷದ ಓಡಾಟವೂ. ಹೋಮ್ ಹಾಕಿದರೂ ಪ್ರೊ ಹಾಕಿದರೂ ಅದು ಉಳಿಯುತ್ತಿರಲಿಲ್ಲ. ತುಂಗಾ ಫಾಂಟು ಕೂಡ ವಿಂಡೋಸ್ 10ರಿಂದೀಚೆಗೆ ತಾನಾಗಿ ಬರುವುದಿಲ್ಲ, ಕನ್ನಡದ ಹೆಚ್ಚುವರಿ ಫಾಂಟುಗಳೆಂದು ಬೇರೆಯಾಗಿ ಸೇರಿಸಿಕೊಳ್ಳಬೇಕು. ಆದರೆ ಯೂನಿಕೋಡಿನಲ್ಲಿ ಬರೆದದ್ದು ತುಂಗಾ ಇಲ್ಲದಿದ್ದರೂ ‘ನಿರ್ಮಲಾ’ ಫಾಂಟಿನಲ್ಲಿ ಕನ್ನಡವಾಗಿಯೇ ಕಾಣುತ್ತದೆ. ಎರಡು ಕಾಲಗಳ ವ್ಯತ್ಯಾಸವೆಲ್ಲ ಇಷ್ಟರಲ್ಲಿದೆ.

ಹಾಗಾಗಿ ಮೊದಲು ಮಾಡಿದ್ದು ಹಳೆಯ ಫಾಂಟುಗಳನ್ನೂ ಸೀಡಿಯ ಕಡತಗಳನ್ನೂ ಎರಡು ಕಡೆ ಪ್ರತಿ ಮಾಡಿಟ್ಟದ್ದು. ಆಮೇಲೆ ಒಂದೊಂದೇ ಕಡತವನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದೆ. ಒಂದು ಗುಂಡಿ ಒತ್ತಿ ಮುಗಿಯುವ ಕೆಲಸವಲ್ಲ ಅದು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ವ್ಯಂಜನದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮದಲ್ಲಿ ಮೊದಲು ಬರಬೇಕು. ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿ ಹೊರಬಂದವು. ಎಲ್ಲಕ್ಕಿಂತ ಕಾಡಿದ್ದು ೞ ಮತ್ತು ಱ. ಟೈಪ್ ಮಾಡಿದವರಿಗೆ ಆ ಕೀಲಿಗಳು ಸಿಕ್ಕಿರಲಿಲ್ಲವೋ ಏನೋ, ಅನೇಕ ಕಡೆ ಳ, ರ ಎಂದೇ ಹೊಡೆದಿದ್ದರು. ಹಳಗನ್ನಡ ಶಾಸನದ ಕಾಲ ಊಹಿಸುವಾಗ ಈ ಎರಡು ಅಕ್ಷರಗಳೂ ಸಾಕ್ಷಿಗಳು. ಅವಕ್ಕೆ ಯೂನಿಕೋಡಿನಲ್ಲಿ ಜಾಗವಿದೆ, ಆದರೆ ೞ ಕಾರಕ್ಕೆ ಅಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಶಿಷ್ಟತೆಯ ನಿಯಮ. ಹೆಸರು ತಪ್ಪಾದರೂ ಸ್ಥಾನ ಸರಿಯಿದೆ, ಕೆಲಸ ನಡೆಯುತ್ತದೆ. ಅನುಮಾನ ಬಂದ ಸಾಲುಗಳನ್ನೆಲ್ಲ ಪರಿಷ್ಕೃತ ಸಂಪುಟಗಳ ಜೊತೆ ಇಟ್ಟು ತಿದ್ದಿದೆ. ಮೂರು ವಾರ ಹಿಡಿಯಿತು.

ಅಂಗಡಿಗೆ ಹೋಗಿ ಹೋಮ್ ಸಿಂಗಲ್ ಲ್ಯಾಂಗ್ವೇಜನ್ನೇ ಹಾಕಿ ಎಂದೆ. ಪ್ರೊಗೆ ಎತ್ತಿಟ್ಟಿದ್ದ ದುಡ್ಡಿನಲ್ಲಿ ಒಂದು ಹೊರಗಿನ ಹಾರ್ಡ್ ಡಿಸ್ಕ್ ಕೊಂಡೆ. ಕೆಲಸದ ಯಂತ್ರವನ್ನು ಬದಲಿಸಲು ಹೊರಟ ಗೆಳೆಯರು ಈಗ ಹೋಮೋ ಪ್ರೊನೋ ಎಂದು ಕೇಳಿದರೆ, ಹಳೆಯ ಕಡತವೊಂದನ್ನು ತೆರೆದು ಕಣ್ಣಿಗೆ ಕಾಣುವ ಒಂದು ಕನ್ನಡ ಪದವನ್ನು ಹುಡುಕಿ ನೋಡಿ ಎನ್ನುತ್ತೇನೆ. ಸಿಕ್ಕರೆ ಯಾವ ಬಗೆಯಾದರೂ ನಡೆದೀತು. ಸಿಗದಿದ್ದರೆ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಮಾಡುವ ಕೆಲಸ ಬಾಕಿಯಿದೆ.

ಹೊಸ ಯಂತ್ರದಲ್ಲಿ ಮೊದಲು ಹುಡುಕಿದ್ದು ‘ಅರಿಕುಠಾರ’ವನ್ನೇ. ಹನ್ನೊಂದು ಕಡೆ ಸಿಕ್ಕಿತು. ಒಂದನ್ನು ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ, ಅದು ಹೊಲದ ಹೆಸರುಗಳ ಪಟ್ಟಿಯ ಕೊನೆಯಲ್ಲಿತ್ತು. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. “ಅದು ಅಲ್ಲೇ ಇತ್ತಲ್ಲಪ್ಪ, ನೀನು ನೋಡಿರಲಿಲ್ಲ ಅಷ್ಟೆ” ಎಂದರು.