ಹಾ, ಮಾ, ಧಿಕ್

“ದೇವರು ಅವನನ್ನು ನೋಡಿಕೊಳ್ಳುತ್ತಾನೆ” ಎಂಬ ಮಾತು ಜೈನ ಮನೆಗಳಲ್ಲಿಯೂ ಕೇಳಿಬರುವುದುಂಟು. ವಾಡಿಕೆಯ ಮಾತಾಗಿ ಅದು ಸಲ್ಲಬಹುದು, ಸಿದ್ಧಾಂತವಾಗಿ ಸಲ್ಲದು. ಜಿನನು ವೀತರಾಗ. ಸ್ತುತಿಸಿದವರಿಗೆ ಒಲಿಯುವುದೂ ಇಲ್ಲ, ನಿಂದಿಸಿದವರಿಗೆ ಮುನಿಯುವುದೂ ಇಲ್ಲ. ತೀರ್ಪು ಕೊಡುವ ಪೀಠವನ್ನಾಗಲಿ ಕ್ಷಮಾದಾನದ ಅಧಿಕಾರವನ್ನಾಗಲಿ ನಮ್ಮ ಆಚಾರ್ಯರು ಅವನಿಗೆ ಒಪ್ಪಿಸಲಿಲ್ಲ. ಕರ್ಮವು ತನ್ನ ಸ್ವಭಾವದಿಂದಲೇ ಫಲಿಸುತ್ತದೆ. ಹಾಗಿದ್ದ ಮೇಲೆ ಮನುಷ್ಯನು ಮನುಷ್ಯನನ್ನು ದಂಡಿಸುವುದು ಯಾವ ಆಧಾರದ ಮೇಲೆ? ದಂಡವು ಹುಟ್ಟಿ ಬೆಳೆದ ಬಗೆಯನ್ನು ನಮ್ಮ ಪುರಾಣವೇ ಹೇಳಿದೆ.

ರಾಷ್ಟ್ರಕೂಟ ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ಆದಿಪುರಾಣದಲ್ಲಿ ಕುಲಕರರ ವೃತ್ತಾಂತ ಬರುತ್ತದೆ. ಭೋಗಭೂಮಿಯ ಕಾಲ ಮುಗಿಯುತ್ತ ಬಂದು ಕಲ್ಪವೃಕ್ಷಗಳು ವಿರಳವಾದಾಗ, ಹಿಂದೆಂದೂ ಜಗಳವನ್ನೇ ಅರಿಯದ ಜನರು ಮರಗಳಿಗಾಗಿ ಕಾದಾಡತೊಡಗಿದರು. ಐದನೆಯ ಕುಲಕರ ಸೀಮಂಕರನು ಎಲ್ಲೆಗಳನ್ನು ಗೊತ್ತುಮಾಡಿದನು. ಮಾತಿನ ಎಲ್ಲೆ ಸಾಲದೆ, ಆರನೆಯವನಾದ ಸೀಮಂಧರನು ಗಿಡಪೊದೆಗಳನ್ನು ಅವಕ್ಕೆ ಗುರುತು ಮಾಡಬೇಕಾಯಿತು. ಅಪರಾಧವು ಕೊರತೆಯ ಬೆನ್ನಿಗೇ ಹುಟ್ಟಿತೆಂಬ ಈ ತಿಳಿವಳಿಕೆ ಸಾವಿರದ ನೂರು ವರ್ಷಗಳಿಗೂ ಹಿಂದಿನದೆಂಬುದನ್ನು ವಾಚಕರು ಗಮನಿಸಬೇಕು.

ಮೊದಲ ಐವರು ಕುಲಕರರ ಕಾಲದಲ್ಲಿ ತಪ್ಪಿದವನಿಗೆ ‘ಹಾ’ ಎಂಬುದೇ ದಂಡ. ಅಯ್ಯೋ, ಹೀಗೆ ಮಾಡಿಬಿಟ್ಟೆಯಲ್ಲ ಎಂದಷ್ಟೇ ಅದರ ಅರ್ಥ. ಮುಂದಿನ ಐವರು ‘ಮಾ’ ಎಂಬುದನ್ನು ಸೇರಿಸಿದರು: ಇನ್ನು ಮಾಡಬೇಡ. ಉಳಿದ ಐವರ ಕಾಲಕ್ಕೆ ‘ಧಿಕ್’ ಎಂಬ ಧಿಕ್ಕಾರವೂ ಬೇಕಾಯಿತು. ಮೂರರಲ್ಲಿ ಮೊದಲನೆಯದು ಬೈಗುಳವೂ ಅಲ್ಲ, ನಿಷೇಧವೂ ಅಲ್ಲ, ದುಃಖದ ಉದ್ಗಾರ. ದಂಡಿಸುವವನು ಮೊದಲು ತಾನು ನೊಂದನು.

ಪ್ರಬಲ ದೋಷವುಳ್ಳವರಿಗೆ ವಧೆ, ಬಂಧನ ಮೊದಲಾದ ಶರೀರದಂಡವನ್ನು ವಿಧಿಸಿದವನು ಭರತ ಚಕ್ರವರ್ತಿಯೆಂದು ಜಿನಸೇನರು ಮರೆಮಾಚದೆ ಹೇಳುತ್ತಾರೆ. ಅದೇ ಭರತನು ಮೂರು ಯುದ್ಧಗಳಲ್ಲಿಯೂ ಸೋತು, ಕ್ರೋಧದಿಂದ ತಮ್ಮನ ಮೇಲೆ ಚಕ್ರವನ್ನು ಪ್ರಯೋಗಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಓದುವುದು ನನ್ನ ಸ್ವಾತಂತ್ರ್ಯ. ಆದರೆ ದಂಡದ ಅಧಿಕಾರವುಳ್ಳವನಿಗೂ ಕಷಾಯವು ಬಿಡದೆಂಬುದಕ್ಕೆ ಬೇರೆ ಸಾಕ್ಷ್ಯ ಹುಡುಕಬೇಕಾಗಿಲ್ಲ.

ಗೃಹಸ್ಥ ಸಮಾಜಕ್ಕೆ ರಾಜದಂಡ ಬೇಡವೆಂದು ನಮ್ಮ ಆಚಾರ್ಯರು ಹೇಳಲಿಲ್ಲ. 10ನೆಯ ಶತಮಾನದ ಸೋಮದೇವಸೂರಿಗಳು ನೀತಿವಾಕ್ಯಾಮೃತದಲ್ಲಿ ದಂಡವನ್ನು ಚಿಕಿತ್ಸೆಗೆ ಹೋಲಿಸಿದರು. ರಾಜನು ಪ್ರಜಾಪಾಲನೆಗಾಗಿ ದಂಡಿಸಬೇಕೇ ಹೊರತು ಧನಕ್ಕಾಗಿ ಅಲ್ಲವೆಂದರು. ವೈದ್ಯನ ಹೋಲಿಕೆಯಲ್ಲಿ ಸೇಡಿಗೆ ಎಡೆಯಿಲ್ಲ. ರೋಗ ಗುಣವಾದ ಮೇಲೆ ಔಷಧಿಯನ್ನು ಯಾರೂ ಮುಂದುವರಿಸುವುದಿಲ್ಲ.

ಮುನಿಸಂಘದ ಕಟ್ಟಳೆಯಂತೂ ಇನ್ನೂ ಸ್ಪಷ್ಟ. ತತ್ತ್ವಾರ್ಥಸೂತ್ರವು ಪ್ರಾಯಶ್ಚಿತ್ತವನ್ನು 9 ಬಗೆಯಾಗಿ ವಿಂಗಡಿಸುತ್ತದೆ. ಮೊದಲನೆಯದು ಆಲೋಚನ, ಅಂದರೆ ಗುರುವಿನ ಮುಂದೆ ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವುದು. ಎಂಟನೆಯದು ಪರಿಹಾರ, ಸಂಘದಿಂದ ದೂರವಿರಿಸುವುದು. ಪೂಜ್ಯಪಾದರು ಇದನ್ನು ವಿವರಿಸುವಾಗ ಪಕ್ಷ, ಮಾಸ ಎಂದು ಅವಧಿಯನ್ನು ಹೇಳಿದ್ದಾರೆ. ಅದರ ಮುಂದಿನದು, ಪಟ್ಟಿಯ ಕೊನೆಯದು, ಉಪಸ್ಥಾಪನೆ: ಮತ್ತೆ ದೀಕ್ಷೆ ಕೊಟ್ಟು ಸೇರಿಸಿಕೊಳ್ಳುವುದು. ಕ್ಷಮಿಸುವ ದೇವರಿಲ್ಲದ ಧರ್ಮದಲ್ಲಿ ಹೊರಹಾಕಿದವರನ್ನು ಒಳಕ್ಕೆ ಕರೆಯುವ ಹೊಣೆ ಸಂಘದ ಮೇಲೆಯೇ ಬೀಳುತ್ತದೆ.

ನನ್ನ ಬಾಲ್ಯದ ಊರಿನಲ್ಲಿ ಬಸದಿಯ ಹುಂಡಿಗೆ ಕೈಹಾಕಿದವರೊಬ್ಬರಿದ್ದರು. ತಪ್ಪನ್ನು ಒಪ್ಪಿಕೊಂಡು ಹಣವನ್ನು ಹಿಂದಿರುಗಿಸಿದರು. ಆದರೂ ಆ ಮನೆಗೆ ಅಭಿಷೇಕದ ಕರೆ ಹೋಗಲಿಲ್ಲ. ಮದುವೆಯ ಪಂಕ್ತಿಯಲ್ಲಿ ಅವರಿಗೆ, ಅವರ ಮಕ್ಕಳಿಗೆ ಸಹ, ಎಲೆ ಹಾಕಲಿಲ್ಲ. ಎಷ್ಟು ದಿನವೆಂದು ಯಾರೂ ಗೊತ್ತುಮಾಡಿರಲಿಲ್ಲ. ಕೇಳಿದರೆ “ಅವರವರ ಕರ್ಮ” ಎಂದು ಹಿರಿಯರು ಮಾತು ಮುಗಿಸುತ್ತಿದ್ದರು. ಹುಂಡಿಗೆ ಕೈಹಾಕಿದ ಕರ್ಮ ಅವರದು, ನಿಜ. ಎಲೆ ಹಾಕದ ಕರ್ಮ ಯಾರದು? ಪರರ ಕರ್ಮಫಲವನ್ನು ಬಡಿಸುವ ಕೆಲಸವನ್ನು ನಮಗೆ ಯಾವ ಆಗಮವೂ ವಹಿಸಿಲ್ಲ.

ಕೆಲವು ವರ್ಷಗಳಲ್ಲಿ ಆ ಕುಟುಂಬವು ಊರು ಬಿಟ್ಟಿತು. ಮುಂದೆ ಬಸದಿಯ ಲೆಕ್ಕದ ಪುಸ್ತಕಗಳನ್ನು ನೋಡುವ ಅವಕಾಶ ನನಗೆ ಒದಗಿತ್ತು. ಹಣ ಹಿಂದಕ್ಕೆ ಜಮೆಯಾದ ತಾರೀಖು ಅದರಲ್ಲಿದೆ. ಬಹಿಷ್ಕಾರ ಮುಗಿದ ತಾರೀಖು ಯಾವ ಪುಸ್ತಕದಲ್ಲಿಯೂ ಇಲ್ಲ.