ಮನೆ ನವೀಕರಣ: ಸಾಮಗ್ರಿ ಮತ್ತು ಫಿನಿಶಿಂಗ್ ಯೋಜನೆ

ಹಳೆಯ ಮನೆಯ ನೆಲ, ಗೋಡೆ, ಅಡುಗೆಕಟ್ಟೆ, ಬಚ್ಚಲು, ಕಪಾಟುಗಳನ್ನು ಹೊಸದು ಮಾಡುವಾಗ ಯಾವ ವಸ್ತು, ಎಷ್ಟು ದಪ್ಪ, ಯಾವುದರ ಮೇಲೆ, ಯಾವುದರ ನಂತರ ಯಾವುದು ಎಂಬುದನ್ನು ಸುತ್ತಿಗೆ ಎತ್ತುವ ಮೊದಲೇ ನಿಶ್ಚಯಿಸುವ ಕೆಲಸ. ಹೊಸ ಮನೆಗೆ ಟೈಲ್ಸ್ ಅಂಗಡಿಯಲ್ಲಿ ನಿಂತು ಆಯ್ಕೆ ಮಾಡಿದರೂ ನಡೆಯುತ್ತದೆ. ಹಳೆಯ ಮನೆಗೆ ಆಯ್ಕೆ ಶುರುವಾಗಬೇಕಾದ್ದು ಇರುವ ಗೋಡೆ, ಇರುವ ನೆಲದಿಂದ. ಅಡಿಯ ಪದರ ಸುಣ್ಣದ್ದೋ ಸಿಮೆಂಟಿನದೋ, ತೇವವಿದೆಯೋ ಒಣಗಿದೆಯೋ, ಮಟ್ಟ ಎಷ್ಟಿದೆ ಎಂದು ನೋಡದೆ ಮೇಲಿನದನ್ನು ಕೊಂಡವರು ಅದೇ ಕೆಲಸವನ್ನು ಎರಡು ಸಲ ಮಾಡಿಸುತ್ತಾರೆ.

ಗೋಡೆ: ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ, ಮಲೆನಾಡಿನ ತೊಟ್ಟಿಮನೆಗಳಲ್ಲಿ, ಕರಾವಳಿಯ ಮುರಕಲ್ಲಿನ ಮನೆಗಳಲ್ಲಿ ಸುಣ್ಣದ ಗಾರೆ ಅಥವಾ ಮಣ್ಣಿನ ಗೋಡೆ ಇನ್ನೂ ಸಿಗುತ್ತದೆ. ಇಂಥ ಗೋಡೆ ನೆಲದಿಂದ ತೇವವನ್ನು ಮೇಲಕ್ಕೆ ಎಳೆದುಕೊಂಡು ಗಾಳಿಗೆ ಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟ್ ಪ್ಲಾಸ್ಟರ್, ಪುಟ್ಟಿ, ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆಯೆದ್ದು, ಅದರಡಿ ಬಿಳಿ ಉಪ್ಪಿನ ಪುಡಿ ಕಾಣುತ್ತದೆ. ಆಗ ಬಣ್ಣದ ಕಂಪನಿಯನ್ನು ಬೈದು ಫಲವಿಲ್ಲ. ಸುಣ್ಣದ ಗೋಡೆಗೆ ಸುಣ್ಣದ ಗಾರೆ, ಸುಣ್ಣದ ಬಣ್ಣವೇ ಹೊಂದುವುದು. ತೇವ ಪರೀಕ್ಷಿಸಲು ಉಪಕರಣ ಬೇಕಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೋ ನೆಲಕ್ಕೋ ಅಂಟಿಸಿ ಒಂದು ದಿನ ಬಿಟ್ಟು ನೋಡಬೇಕು. ಒಳಬದಿ ಬೆವರಿದ್ದರೆ ಬಣ್ಣದ ಮಾತು ಆಮೇಲೆ. ಹೊಸ ಸಿಮೆಂಟ್ ಪ್ಲಾಸ್ಟರಿಗೂ ಬಣ್ಣ ಹಚ್ಚುವ ಮೊದಲು ಸುಮಾರು ಒಂದು ತಿಂಗಳು ಒಣಗುವ ಸಮಯ ಕೊಡಬೇಕು.

ಹಳೆಯ ಕಿಟಕಿ, ಬಾಗಿಲುಗಳ ಎಣ್ಣೆಬಣ್ಣ ಉಜ್ಜಿ ತೆಗೆಯುವಾಗ ಎಚ್ಚರ ಬೇಕು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಭಾರತದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದಿನ ಪದರಗಳಲ್ಲಿ ಸೀಸ ಇದ್ದರೂ ಇರಬಹುದು. ಒಣ ಮರಳುಕಾಗದದಲ್ಲಿ ಉಜ್ಜಿದರೆ ಆ ಧೂಳು ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ನೀರು ಹಾಕಿ ಉಜ್ಜಬೇಕು. ಆ ದಿನಗಳಲ್ಲಿ ಮಕ್ಕಳು, ಬಸುರಿಯರು ಮನೆಯಲ್ಲಿ ಇರಬಾರದು.

ನೆಲ: ಯೋಜನೆಯ ಹೆಚ್ಚಿನ ತೊಡಕು ಇಲ್ಲಿಯೇ. ಹಳೆಯ ಟೈಲ್ಸ್ ಮೇಲೆಯೇ ಹೊಸದನ್ನು ಅಂಟಿಸಿದರೆ ಒಡೆಯುವ ಖರ್ಚು ಉಳಿಯುತ್ತದೆ, ಆದರೆ ನೆಲ ಒಂದರಿಂದ ಒಂದೂವರೆ ಸೆಂಟಿಮೀಟರ್ ಏರುತ್ತದೆ. ಬಾಗಿಲು ತಾಗುತ್ತದೆ, ಹೊಸ್ತಿಲು ಗಿಡ್ಡವಾಗುತ್ತದೆ, ಮೆಟ್ಟಿಲಿನ ಮೊದಲ ಹೆಜ್ಜೆ ಉಳಿದವುಗಳಿಗಿಂತ ಕಡಿಮೆಯಾಗಿ ಕಾಲು ಎಡವುತ್ತದೆ. ಅದಕ್ಕೇ ಅನುಭವಿ ಮೇಸ್ತ್ರಿ ಮೊದಲು ನೀರು ತುಂಬಿದ ಪಾರದರ್ಶಕ ಪೈಪಿನ ಒಂದು ತುದಿಯನ್ನು ನಡುಮನೆಯಲ್ಲಿ, ಇನ್ನೊಂದನ್ನು ಅಡುಗೆಮನೆಯಲ್ಲಿ ಹಿಡಿಸಿ, ನೀರು ನಿಂತಲ್ಲಿ ಪೆನ್ಸಿಲ್ ಗೆರೆ ಎಳೆಯುತ್ತಾನೆ. ಆಮೇಲೆ ಹಳೆಯ ಟೈಲ್ಸನ್ನು ಒಂದೊಂದಾಗಿ ಕುಟ್ಟಿ ನೋಡುತ್ತಾನೆ. ಟೊಳ್ಳು ಸದ್ದು ಬಂದದ್ದನ್ನು ಕಿತ್ತೇ ತೀರಬೇಕು. ವಿಟ್ರಿಫೈಡ್ ಟೈಲ್ ಹೀರುವ ನೀರು ಅದರ ತೂಕದ ನೂರಕ್ಕೆ 0.5ರಷ್ಟೂ ಇಲ್ಲ. ಹೀಗಾಗಿ ಬರೀ ಸಿಮೆಂಟ್ ಹಾಲು ಅದನ್ನು ಸರಿಯಾಗಿ ಹಿಡಿಯದು, ಟೈಲ್ ಅಂಟೇ ಬೇಕು.

ರೆಡ್ ಆಕ್ಸೈಡ್ ನೆಲ ಇರುವ ಮನೆಯವರು ಅವಸರಪಡಬಾರದು. ಕಬ್ಬಿಣದ ಆಕ್ಸೈಡ್ ಬೆರೆಸಿದ ತೆಳು ಸಿಮೆಂಟ್ ಪದರವನ್ನು ಕರಣೆಯಿಂದ ತೀಡಿ ತೀಡಿ ನುಣುಪು ಮಾಡಿದ ನೆಲವದು. ವರ್ಷಗಟ್ಟಲೆ ಒರೆಸಿದಷ್ಟೂ ಹೊಳಪೇರಿದೆ. ಒಡೆದ ಜಾಗಕ್ಕೆ ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ ಎಂಬುದು ನಿಜ. ಆದರೂ ನಾಲ್ಕು ಬಿರುಕು ಕಂಡವೆಂದು ಕಿತ್ತು ಹಾಕುವುದು ನಷ್ಟದ ತೀರ್ಮಾನ. ಬಿರುಕು ತುಂಬಿಸಿ ಮೇಣ ತಿಕ್ಕಿದರೆ ನೆಲ ಇನ್ನೊಂದು ತಲೆಮಾರಿಗೆ ಬಂದೀತು. ಸೂರಿನ ಮಂಗಳೂರು ಹೆಂಚಿಗೂ ಇದೇ ಮಾತು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದು ಹಬ್ಬಿಸಿದ ಈ ಹೆಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಗಾರೆ ಇಲ್ಲದ ಕಾರಣ ಇಡಿಯಾಗಿ ಬಿಚ್ಚಿ, ತೊಳೆದು, ಮತ್ತೆ ಹೊದಿಸಬಹುದು.

ಬಚ್ಚಲು: ಟೈಲ್ಸ್ ನೀರು ತಡೆಯುವುದಿಲ್ಲ, ಅದರ ಅಡಿಯ ವಾಟರ್‌ಪ್ರೂಫಿಂಗ್ ಪದರ ತಡೆಯುತ್ತದೆ. ಆ ಪದರ ನೆಲದಿಂದ ಗೋಡೆಗೂ ಒಂದಡಿ ಹತ್ತಿರಬೇಕು, ಶವರ್ ಇರುವ ಕಡೆ ಆಳೆತ್ತರ. ಪದರ ಒಣಗಿದ ಮೇಲೆ ನೀರು ಹೋಗುವ ಕಂಡಿ ಮುಚ್ಚಿ, ಒಂದೆರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಸೂರು ಒದ್ದೆಯಾಗಲಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಟೈಲ್ಸ್ ಕೂರಿಸಬೇಕು. ಇಳಿಜಾರು ಮೀಟರಿಗೆ ಒಂದು ಸೆಂಟಿಮೀಟರ್ ಸಾಕು. ನೆಲಕ್ಕೆ ನುಣುಪಿನ ಟೈಲ್ ಬೇಡವೇ ಬೇಡ, ವಯಸ್ಸಾದವರಿದ್ದರಂತೂ.

ಅಡುಗೆಕಟ್ಟೆ: ಕಡಪ, ಶಹಾಬಾದ್ ಕಲ್ಲು, ಮಾರ್ಬಲ್ ಎಲ್ಲವೂ ಸುಣ್ಣದ ಅಂಶದವು. ಹುಣಸೆಹುಳಿ, ನಿಂಬೆರಸ ಬಿದ್ದಲ್ಲಿ ಹೊಳಪು ಹೋಗಿ ಮಬ್ಬು ಕಲೆ ಉಳಿಯುತ್ತದೆ. ದಿನವೂ ಸಾರು ಕುದಿಯುವ ಮನೆಗೆ ಗ್ರಾನೈಟೇ ಸರಿ. 18 ಮಿಲಿಮೀಟರ್ ದಪ್ಪದ್ದು ಚದರ ಮೀಟರಿಗೆ ಸುಮಾರು 50 ಕಿಲೋ ತೂಗುವುದರಿಂದ ಕೆಳಗಿನ ಆಧಾರ ಗಟ್ಟಿಯಿರಬೇಕು. ಕೃತಕ ಕ್ವಾರ್ಟ್ಜ್ ಹಲಗೆ ಕೊಯ್ಯುವ ಕೆಲಸಗಾರರಿಗೆ ಸಿಲಿಕಾ ಧೂಳಿನಿಂದ ಶ್ವಾಸಕೋಶದ ಕಾಯಿಲೆ ಬರುವ ಅಪಾಯವಿದೆ. ಆಸ್ಟ್ರೇಲಿಯಾ 2024ರ ಜುಲೈನಲ್ಲಿ ಇಂಥ ಹಲಗೆಗಳನ್ನು ನಿಷೇಧಿಸಿತು. ಗ್ರಾನೈಟಿನ ಧೂಳಿನಲ್ಲೂ ಸಿಲಿಕಾ ಇದೆ. ಯಾವ ಕಲ್ಲನ್ನೇ ಆಗಲಿ ನೀರು ಬಿಡುತ್ತ ಕೊಯ್ಯಿಸುವುದು, ಮಾಸ್ಕ್ ಕೊಡಿಸುವುದು ಮನೆಯ ಯಜಮಾನರ ಹೊಣೆಯೂ ಹೌದು.

ಸಿಂಕಿನ ಕೆಳಗಿನ ಕಪಾಟಿಗೆ ನೀರನ್ನು ತಾಳಿಕೊಳ್ಳುವ, ಐಎಸ್ 710 ಗುರುತಿನ ಪ್ಲೈವುಡ್ ಬಳಸಬೇಕು. ಮಲಗುವ ಕೋಣೆಗೆ ಅಷ್ಟು ಖರ್ಚು ಬೇಕಿಲ್ಲ.

ಕ್ರಮ ಮತ್ತು ಲೆಕ್ಕ: ಮೊದಲು ಒಡೆಯುವುದು, ಆಮೇಲೆ ನೀರು ಮತ್ತು ವಿದ್ಯುತ್ ಪೈಪು, ಪ್ಲಾಸ್ಟರ್, ವಾಟರ್‌ಪ್ರೂಫಿಂಗ್, ಟೈಲ್ಸ್, ಬಡಗಿ ಕೆಲಸ, ಕೊನೆಯ ಕೋಟಿನ ಬಣ್ಣ. ಟೈಲ್ಸನ್ನು ಅಳತೆಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ತರಿಸಿ, ಎಲ್ಲ ಪೆಟ್ಟಿಗೆಗಳ ಬ್ಯಾಚ್ ಸಂಖ್ಯೆ ಒಂದೇ ಇದೆಯೇ ಎಂದು ಇಳಿಸಿಕೊಳ್ಳುವಾಗಲೇ ನೋಡಬೇಕು. ಬ್ಯಾಚ್ ಬದಲಾದರೆ ಛಾಯೆ ಬದಲಾಗುತ್ತದೆ. ಗೋಡೆ ಮುಚ್ಚುವ ಮೊದಲು ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಪೈಪುಗಳ ಫೋಟೊ ತೆಗೆಯಬೇಕು. ಕೆಲಸ ಮುಗಿದ ಮೇಲೆ ಉಳಿದ ಏಳೆಂಟು ಟೈಲ್ಸನ್ನು ಅಟ್ಟದಲ್ಲಿ ಎತ್ತಿಡಬೇಕು.