ಏಳು ದಿನಕ್ಕೆ ಏಳು ಕೆ.ಜಿ. ಅನ್ನೋರ ಲೆಕ್ಕ ಎಲ್ಲಿ ತಪ್ಪುತ್ತೆ?

ಎರಡು ವರ್ಷದ ಹಿಂದೆ ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ ಊರಿಂದ ತಂಗಿ ಫೋನ್ ಮಾಡಿದಳು. ಅಪ್ಪನ ಮೈಯೆಲ್ಲ ಬೆವೆತಿದೆ, ಕೈ ನಡುಗ್ತಿದೆ, ಮಾತು ತೊದಲ್ತಿದೆ ಅಂದಳು. ಮನೆಯಲ್ಲಿದ್ದ ಮೀಟರಿನಲ್ಲಿ ಶುಗರ್ 48 ತೋರಿಸುತ್ತಿತ್ತು. ಅಪ್ಪನಿಗೆ ಎಚ್ಚರ ಇದ್ದಿದ್ದರಿಂದ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾನು ಬೆಂಗಳೂರಿಂದ ಹೋಗಿ ತಲುಪುವಷ್ಟರಲ್ಲಿ ಅಪ್ಪ ಎದ್ದು ಕೂತಿದ್ದರು. ಡಾಕ್ಟರು ಕೇಳುತ್ತಿದ್ದರು: "ರಾತ್ರಿ ಮುದ್ದೆ, ಅನ್ನ ಎರಡೂ ಬಿಟ್ಟಿದ್ದೀರಿ. ಶುಗರ್ ಮಾತ್ರೆ ಮಾತ್ರ ಎಂದಿನಂತೆ ತಗೊಂಡಿದ್ದೀರಿ. ಯಾರನ್ನ ಕೇಳಿ ಇದನ್ನ ಶುರು ಮಾಡಿದ್ರಿ?" ಅಪ್ಪ ಮಾತಾಡಲಿಲ್ಲ. ನನ್ನ ಕಡೆ ನೋಡಿದರು.

ಅದಕ್ಕೆ ಮೂರು ವಾರ ಮುಂಚೆ ನಾನೇ ಒಂದು ಡಯಟ್ ಹಿಡಿದಿದ್ದೆ. ಅನ್ನ, ಮುದ್ದೆ, ಚಪಾತಿ, ಹಣ್ಣು ಎಲ್ಲ ಬಂದ್. ಐದೇ ದಿನಕ್ಕೆ ಮೂರು ಕೆ.ಜಿ. ಇಳಿದಿತ್ತು. ಆ ಖುಷಿಯಲ್ಲಿ ಡಯಟ್ ಪಟ್ಟಿಯನ್ನ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಇಂಜಿನಿಯರಿಂಗ್ ಓದಿದ ಮಗ ಕಳಿಸಿದ್ದಾನೆ ಅಂದ ಮೇಲೆ ಸರಿಯಾಗೇ ಇರುತ್ತೆ ಅಂತ ಅಪ್ಪ ನಂಬಿದರು. ನಾನು ಓದಿದ ಇಂಜಿನಿಯರಿಂಗ್‌ಗೂ ಅಪ್ಪನ ಮಾತ್ರೆಗೂ ಸಂಬಂಧವೇ ಇರಲಿಲ್ಲ. ಆಮೇಲೆ ಕೂತು ಓದಿ, ಡಾಕ್ಟರುಗಳನ್ನ ಕೇಳಿ ತಿಳಿದುಕೊಂಡಿದ್ದನ್ನ ಇಲ್ಲಿ ಬರೆದಿದ್ದೇನೆ.

ಮೊದಲ ವಾರ ಇಳಿಯೋದು ಏನು?

ಜಾಹೀರಾತಿನ ಮಾತನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ದೇಹದಲ್ಲಿರುವ ಒಂದು ಕೆ.ಜಿ. ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲರಿ ಖರ್ಚಾಗಬೇಕು. ಏಳು ಕೆ.ಜಿ.ಗೆ 53,900. ಅಂದರೆ ಏಳು ದಿನವೂ ದಿನಕ್ಕೆ 7,700 ಕ್ಯಾಲರಿ ಕೊರತೆ ಬೀಳಬೇಕು. ಕೂತು ಕೆಲಸ ಮಾಡುವ ಸಾಮಾನ್ಯ ಮನುಷ್ಯನ ದೇಹ ದಿನಕ್ಕೆ ಖರ್ಚು ಮಾಡೋದೇ ಹೆಚ್ಚುಕಮ್ಮಿ 2,000. ವಾರವಿಡೀ ಒಂದು ಅಗುಳೂ ತಿನ್ನದೆ ಉಪವಾಸ ಕೂತರೂ ಕರಗುವ ಕೊಬ್ಬು ಎರಡು ಕೆ.ಜಿ. ಮುಟ್ಟೋದು ಕಷ್ಟ.

ಹಾಗಾದರೆ ತೂಕದ ಯಂತ್ರ ಸುಳ್ಳು ಹೇಳುತ್ತಾ? ಇಲ್ಲ, ತೂಕ ನಿಜವಾಗಿಯೂ ಇಳಿದಿರುತ್ತೆ. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅನ್ನೋ ರೂಪದಲ್ಲಿ ಸುಮಾರು ಅರ್ಧ ಕೆ.ಜಿ.ಯಷ್ಟು ಸಕ್ಕರೆ ದಾಸ್ತಾನು ಇರುತ್ತೆ. ಅದರ ಒಂದೊಂದು ಗ್ರಾಂ ಜೊತೆಗೂ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತೆ. ಅನ್ನ, ರೊಟ್ಟಿ ನಿಲ್ಲಿಸಿದರೆ ದೇಹ ಮೊದಲು ಖಾಲಿ ಮಾಡೋದು ಈ ದಾಸ್ತಾನನ್ನ. ಜೊತೆಗಿದ್ದ ನೀರೂ ಹೋಗುತ್ತೆ. ಇನ್ಸುಲಿನ್ ಮಟ್ಟ ಇಳಿದಾಗ ಕಿಡ್ನಿ ಹೆಚ್ಚು ಉಪ್ಪನ್ನ ಹೊರಹಾಕುತ್ತೆ, ಅದರ ಹಿಂದೆ ಇನ್ನಷ್ಟು ನೀರು. ನನ್ನ ಮೂರು ಕೆ.ಜಿ.ಯಲ್ಲಿ ಬಹುಪಾಲು ಹೀಗೆ ಹೋದ ನೀರು. ಒಂದು ಮದುವೆ ಊಟ, ಮಾರನೇ ದಿನ ಒಂದು ಬಿರಿಯಾನಿ, ಎರಡು ಕೆ.ಜಿ. ವಾಪಸ್ ಬಂದಿತ್ತು. ನಾನು ಕೆಟ್ಟೆ ಅಂತ ಬೇಜಾರಾಗಿತ್ತು. ಖಾಲಿಯಾದ ದಾಸ್ತಾನು ಮತ್ತೆ ತುಂಬಿಕೊಂಡಿತ್ತು, ಅಷ್ಟೇ.

ಹೆಸರು ಹತ್ತು, ಸೂತ್ರ ಒಂದೇ

ಅನ್ನ, ಬ್ರೆಡ್ ಬಿಡಿ ಅನ್ನೋದು ಹೊಸ ಸಂಶೋಧನೆ ಏನಲ್ಲ. 1863ರಲ್ಲೇ ಲಂಡನ್ನಿನಲ್ಲಿ ಅಂತ್ಯಸಂಸ್ಕಾರದ ವ್ಯವಹಾರ ಮಾಡುತ್ತಿದ್ದ ವಿಲಿಯಂ ಬ್ಯಾಂಟಿಂಗ್ ಅನ್ನೋರು ಬ್ರೆಡ್, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಟ್ಟು ತೂಕ ಇಳಿಸಿಕೊಂಡ ಬಗ್ಗೆ ಕಿರುಹೊತ್ತಿಗೆ ಬರೆದು ಮನೆಮಾತಾಗಿದ್ದರು. ಸ್ವೀಡಿಷ್ ಭಾಷೆಯಲ್ಲಿ ಡಯಟ್ ಮಾಡೋದಕ್ಕೆ ಇವತ್ತಿಗೂ ಅವರ ಹೆಸರಿಂದ ಬಂದ 'ಬಾಂಟಾ' ಅನ್ನೋ ಪದವೇ ಇದೆ. ಕೀಟೋ ಹುಟ್ಟಿದ್ದು ತೂಕ ಇಳಿಸೋಕೇ ಅಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಅದನ್ನ ಸೂಚಿಸಿದ್ದು ಮೂರ್ಛೆರೋಗಕ್ಕೆ. 1972ರಲ್ಲಿ ಆಟ್ಕಿನ್ಸ್ ಪುಸ್ತಕ ಬಂತು. ಇದರ ನಡುವೆ ಕೊಬ್ಬು ಬಿಡಿ ಅನ್ನೋರ ಕಾಲವೂ ಬಂದು ಹೋಯಿತು.

ಇವುಗಳಲ್ಲಿ ಯಾವುದು ಸರಿ? 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟಫರ್ ಗಾರ್ಡನರ್ ತಂಡ 609 ಜನರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆ ಇರುವ ಊಟ, ಇನ್ನೊಂದಕ್ಕೆ ಕಾರ್ಬೋಹೈಡ್ರೇಟ್ ಕಡಿಮೆ ಇರುವ ಊಟ ಹೇಳಿತು. ಒಂದು ವರ್ಷದ ನಂತರ ಮೊದಲ ಗುಂಪು ಸರಾಸರಿ 5.3 ಕೆ.ಜಿ., ಎರಡನೆಯದು 6 ಕೆ.ಜಿ. ಇಳಿದಿತ್ತು. ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡೂ ಗುಂಪಿಗೆ ಹೇಳಿದ್ದರಲ್ಲಿ ಸಾಮಾನ್ಯವಾಗಿದ್ದದ್ದು ಏನೆಂದರೆ, ಸಕ್ಕರೆ, ಮೈದಾ ಕಡಿಮೆ ಮಾಡಿ, ತರಕಾರಿ ಜಾಸ್ತಿ ತಿನ್ನಿ.

ಯಾವುದೇ ಡಯಟ್ ಕೆಲಸ ಮಾಡೋದು ನೀವು ಮೊದಲಿಗಿಂತ ಕಡಿಮೆ ತಿನ್ನುವಂತೆ ಮಾಡೋದರಿಂದ. ಅಕ್ಕಿ, ಗೋಧಿ, ರಾಗಿ ಮೂರೂ ಬೇಡ ಅಂದರೆ ಹೋಟೆಲಿನ ಮೆನುವಿನಲ್ಲಿ ಉಳಿಯೋದೇ ನಾಲ್ಕು ಐಟಂ. ಹಾಗೆ ಎಷ್ಟು ದಿನ ನಡೆಯುತ್ತೆ ಅನ್ನೋದೇ ಮುಂದಿನ ಪ್ರಶ್ನೆ.

ಹೋದ ತೂಕ ಯಾಕೆ ವಾಪಸ್ ಬರುತ್ತೆ?

ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಆರೋಗ್ಯವಂತ ಗಂಡಸರಿಗೆ, ಅವರ ಒಪ್ಪಿಗೆ ಪಡೆದು, 24 ವಾರ ದಿನಕ್ಕೆ ಸುಮಾರು 1,570 ಕ್ಯಾಲರಿ ಮಾತ್ರ ಕೊಟ್ಟರು. ತೂಕ ಕಾಲು ಭಾಗದಷ್ಟು ಇಳಿಯಿತು. ಜೊತೆಗೆ ಎದೆಬಡಿತ ನಿಧಾನವಾಯಿತು, ಸದಾ ಚಳಿ, ಇಪ್ಪತ್ನಾಲ್ಕು ಗಂಟೆ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂತರು. ಕಟ್ಟು ಬಿಚ್ಚಿದ ಮೇಲೆ ಎಷ್ಟು ತಿಂದರೂ ಹೊಟ್ಟೆ ತುಂಬುತ್ತಿರಲಿಲ್ಲ. ಇವತ್ತು ಹರಿದಾಡುವ ಎಷ್ಟೋ ಪಟ್ಟಿಗಳು ಅದಕ್ಕಿಂತ ಕಡಿಮೆ, 1,200 ಕ್ಯಾಲರಿ ಸುತ್ತಮುತ್ತ ಇರುತ್ತವೆ. ಎರಡನೇ ವಾರಕ್ಕೆ ನಿಮ್ಮ ಮನಸ್ಸೆಲ್ಲ ಬೇಕರಿ ಕಡೆ ಎಳೆದರೆ ಅದು ಮನೋಬಲದ ಕೊರತೆಯಲ್ಲ, ದೇಹದ ಪ್ರತಿಕ್ರಿಯೆ.

2016ರಲ್ಲಿ ಕೆವಿನ್ ಹಾಲ್ ತಂಡ 'ದಿ ಬಿಗ್ಗೆಸ್ಟ್ ಲೂಸರ್' ಅನ್ನೋ ಅಮೆರಿಕದ ಟಿ.ವಿ. ಸ್ಪರ್ಧೆಯ 14 ಜನರನ್ನ ಆರು ವರ್ಷದ ನಂತರ ಪರೀಕ್ಷಿಸಿತು. ಹೆಚ್ಚಿನವರಿಗೆ ಕಳೆದುಕೊಂಡ ತೂಕದ ಬಹುಪಾಲು ವಾಪಸ್ ಬಂದಿತ್ತು. ಆದರೂ ವಿಶ್ರಾಂತಿಯಲ್ಲಿದ್ದಾಗ ಅವರ ದೇಹ, ಆ ಗಾತ್ರದವರು ಖರ್ಚು ಮಾಡಬೇಕಾದ್ದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲರಿ ಕಡಿಮೆ ಖರ್ಚು ಮಾಡುತ್ತಿತ್ತು. 2025ರಿಂದ ಭಾರತದ ಮಾರುಕಟ್ಟೆಯಲ್ಲೂ ಸದ್ದು ಮಾಡುತ್ತಿರುವ ವಾರಕ್ಕೊಂದರಂತೆ ಚುಚ್ಚಿಕೊಳ್ಳುವ ಇಂಜೆಕ್ಷನ್‌ಗಳ ಕಥೆಯೂ ಇದಕ್ಕೆ ದೂರವಿಲ್ಲ. ಅಗತ್ಯ ಇರುವವರಿಗೆ ಅವು ಒಳ್ಳೆಯ ಔಷಧಿ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂದದ್ದು ಅಧ್ಯಯನದಲ್ಲೇ ದಾಖಲಾಗಿದೆ.

ಮಾತ್ರೆ ತಗೊಳ್ಳೋರು ಇದನ್ನ ಓದಲೇಬೇಕು

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಡಯಟ್ ಪಟ್ಟಿಗಳು ಹೋಗಿ ಬೀಳೋದು ಇವರ ಫೋನಿಗೂ.

- ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಮಾತ್ರೆಗಳು ನೀವು ಊಟ ಮಾಡಿ ಬಿಡಿ, ಇನ್ಸುಲಿನ್ ಬಿಡುಗಡೆ ಮಾಡಿಸುತ್ತವೆ. ಊಟ ಬಿಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಪ್ಪನಿಗೆ ಆಗಿದ್ದು ಇದೇ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ.
- ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳೋರು ಕೀಟೋ ಅಥವಾ ದೀರ್ಘ ಉಪವಾಸ ಮಾಡಿದರೆ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು. ಮೀಟರಿನಲ್ಲಿ ಶುಗರ್ ಅಷ್ಟೇನೂ ಹೆಚ್ಚಾಗಿ ಕಾಣದೆ ಇರೋದರಿಂದ ಗುರುತಿಸೋದು ತಡವಾಗುತ್ತೆ.
- ಬಿ.ಪಿ. ಮಾತ್ರೆ ತಗೊಳ್ಳೋರಿಗೆ ದಿಢೀರ್ ನೀರು, ಉಪ್ಪು ಕಮ್ಮಿಯಾದರೆ ತಲೆ ಸುತ್ತಿ ಬೀಳುವ ಸಾಧ್ಯತೆ ಇದೆ.
- ತೂಕ ತೀರಾ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಆಗುವ ಅಪಾಯ ಹೆಚ್ಚು. ಬಸುರಿಯರು, ಹಾಲೂಡಿಸುವವರು, ಕಿಡ್ನಿ ತೊಂದರೆ ಇರುವವರು ಇಂಥ ಪ್ರಯೋಗಕ್ಕೆ ಕೈ ಹಾಕಲೇಬಾರದು.

ಉಳಿಯುವ ದಾರಿ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುವಂತೆ ವಾರಕ್ಕೆ ಅರ್ಧ ಕೆ.ಜಿ. ಇಳಿಯೋದು ಸುರಕ್ಷಿತ. ಅಂದರೆ ದಿನಕ್ಕೆ ಸುಮಾರು 550 ಕ್ಯಾಲರಿ ಕೊರತೆ ಸಾಕು. ಎರಡೆರಡು ಚಮಚ ಸಕ್ಕರೆ ಹಾಕಿದ ನಾಲ್ಕು ಕಾಫಿಯ ಸಕ್ಕರೆಯಲ್ಲೇ ಸುಮಾರು 160 ಇರುತ್ತೆ.

ಇಳಿಸಬೇಕಾದ್ದು ಇಪ್ಪತ್ತು ಕೆ.ಜಿ.ಯೇ ಆಗಬೇಕಿಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊಟ್ಟಿದ್ದ ಗುರಿ, ತೂಕದಲ್ಲಿ ಶೇ 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ. ಅಷ್ಟಕ್ಕೇ ಕಾಯಿಲೆ ಬರುವ ಸಾಧ್ಯತೆ ಶೇ 58ರಷ್ಟು ಕಡಿಮೆಯಾಯಿತು. ಎಂಬತ್ತು ಕೆ.ಜಿ. ಇರುವವರಿಗೆ ಶೇ 7 ಅಂದರೆ ಐದೂವರೆ ಕೆ.ಜಿ. ಚೆನ್ನೈನ ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನದಲ್ಲಂತೂ ತೂಕ ಹೆಚ್ಚೇನೂ ಇಳಿಯದೆಯೇ, ಊಟ ಮತ್ತು ನಡಿಗೆ ಬದಲಾಗಿದ್ದರಿಂದಲೇ ಅಪಾಯ ಕಾಲು ಭಾಗಕ್ಕಿಂತ ಹೆಚ್ಚು ತಗ್ಗಿತ್ತು.

ಊಟದ ವಿಷಯಕ್ಕೆ ಬಂದರೆ, ಅನ್ನ ಶತ್ರು ಅಲ್ಲ, ತಟ್ಟೆಯಲ್ಲಿ ಅದರ ಪಾಲು ಜಾಸ್ತಿ. ನಮ್ಮ ದೇಶದಲ್ಲಿ ತಿನ್ನುವ ಕ್ಯಾಲರಿಯಲ್ಲಿ ಸುಮಾರು ಶೇ 62 ಕಾರ್ಬೋಹೈಡ್ರೇಟ್‌ನಿಂದ ಬರುತ್ತೆ. ಮಾರ್ಗಸೂಚಿಯ 2,000 ಕ್ಯಾಲರಿಯ ತಟ್ಟೆಯಲ್ಲಿ ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ ಇದೆ. ಎಣ್ಣೆ 27 ಗ್ರಾಂ ಮಾತ್ರ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂಕಾಲು ಕೆ.ಜಿ. ಎಣ್ಣೆ ಆಯಿತು. ನಿಮ್ಮ ಮನೆಯ ದಿನಸಿ ಚೀಟಿ ತೆಗೆದು ಹೋಲಿಸಿ ನೋಡಿ.

ರಾಗಿ ತಿಂದರೆ ದಪ್ಪ ಆಗಲ್ಲ ಅನ್ನೋದೂ ಅರ್ಧ ಸತ್ಯ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲರಿ, ರಾಗಿಯಲ್ಲಿ 320. ರಾಗಿಯಲ್ಲಿ ನಾರು, ಸುಣ್ಣದಂಶ ಹೆಚ್ಚು, ನಿಜ. ಆದರೆ ಮೂರು ಮುದ್ದೆ ಮೂರು ಮುದ್ದೆಯೇ. ಬೇಳೆ ಕಾಣದ ತಿಳಿಸಾರಿನ ಬದಲು ಕಾಳು ಹಾಕಿದ ಬಸ್ಸಾರು, ಹುರುಳಿ ಸಾರು, ಸೊಪ್ಪಿನ ಪಲ್ಯ, ಕೋಸಂಬರಿ, ತಿನ್ನೋರಾದರೆ ಮೊಟ್ಟೆ, ಮೀನು ಹೆಚ್ಚಾಗಿ, ಮುದ್ದೆ ಒಂದಕ್ಕೆ ಇಳಿದರೆ ಹೊಟ್ಟೆಯೂ ತುಂಬುತ್ತೆ, ಸ್ನಾಯುವೂ ಉಳಿಯುತ್ತೆ. ನಡಿಗೆ ಜೊತೆ ವಾರಕ್ಕೆರಡು ದಿನ ಬಸ್ಕಿ, ದಂಡ ಸೇರಿಸಿದರೆ ಇನ್ನೂ ಒಳ್ಳೆಯದು.

ಇದರಲ್ಲಿ ಇನ್ನೊಂದು ಲಾಭ ಇದೆ. ನಾನು ಊರಿಗೆ ಹೋದಾಗ ನನ್ನ ಡಯಟ್‌ಗಾಗಿ ಅಮ್ಮ ಪ್ರತ್ಯೇಕ ಅಡುಗೆ ಮಾಡುತ್ತಿದ್ದರು. ಒಬ್ಬರಿಗಾಗಿ ಬೇರೆ ಒಲೆ ಹಚ್ಚಬೇಕಾದ ಡಯಟ್‌ನ ಆಯಸ್ಸು, ಅಡುಗೆ ಮಾಡೋರ ತಾಳ್ಮೆ ಇರೋವರೆಗೆ ಮಾತ್ರ. ಅವರ ಶ್ರಮವನ್ನ ಯಾವ ಪಟ್ಟಿಯೂ ಲೆಕ್ಕ ಹಿಡಿಯಲ್ಲ.

ಹೊಸ ಪಟ್ಟಿ ಬಂದಾಗ ಕೇಳಬೇಕಾದ್ದು

- ಮುಂದಿನ ಐದು ವರ್ಷ ಹೀಗೇ ತಿನ್ನೋಕಾಗುತ್ತಾ?
- ಮನೆಯವರೆಲ್ಲ ಇದೇ ಅಡುಗೆ ಉಣ್ಣಬಹುದಾ?
- ಇದರ ಜೊತೆ ಪುಡಿ, ಮಾತ್ರೆ, ಕೋರ್ಸ್ ಏನಾದರೂ ಮಾರುತ್ತಿದ್ದಾರಾ?
- ವಾರಕ್ಕೆ ಒಂದು ಕೆ.ಜಿ.ಗಿಂತ ಹೆಚ್ಚು ಇಳಿಸ್ತೀವಿ ಅಂತಿದ್ದಾರಾ?
- ನಾನು ತಗೊಳ್ಳುವ ಮಾತ್ರೆ ಬಗ್ಗೆ ನನ್ನ ಡಾಕ್ಟರು ಏನಂತಾರೆ?

ಅಪ್ಪನ ಮಾತ್ರೆಯನ್ನ ಡಾಕ್ಟರು ಬದಲಾಯಿಸಿದರು. ರಾತ್ರಿ ಎರಡು ಮುದ್ದೆ ಒಂದಾಯಿತು, ಪಲ್ಯ ಎರಡು ಸೌಟು ಜಾಸ್ತಿಯಾಯಿತು, ಸಂಜೆ ಕೆರೆ ಏರಿ ಮೇಲೆ ಮುಕ್ಕಾಲು ಗಂಟೆ ನಡಿಗೆ. ಒಂದೂವರೆ ವರ್ಷದಲ್ಲಿ 82 ಇದ್ದ ತೂಕ 77ಕ್ಕೆ ಬಂದಿದೆ. ಹೋದ ತಿಂಗಳು ಗ್ರೂಪಿಗೆ ಸಂಬಂಧಿಕರೊಬ್ಬರು ಇನ್ನೊಂದು ಪಟ್ಟಿ ಹಾಕಿದ್ದರು, ಹದಿನೈದು ದಿನಕ್ಕೆ ಹತ್ತು ಕೆ.ಜಿ. ಅಂತ. ನಾನು ಉತ್ತರ ಟೈಪ್ ಮಾಡುತ್ತಿರುವಾಗಲೇ ಅಪ್ಪನ ಮೆಸೇಜ್ ಬಂತು: "ಶುಗರ್ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಇದನ್ನ ಮಾಡಬೇಡಿ."